ತನಿಗೆ ತೆರೆದ ಲಾಕರು

ಸಿನಿಮಾ ನೋಡುವಾಗ ಸೀನು ಬಂದರೆ, ಮೂಗು ಹಿಡಿದು ಹಿನ್ನೆಲೆ ಸಂಗೀತ ಜೋರಾಗುವವರೆಗೆ ಕಾಯುವವಳು ನಾನು. ಆಟೋದಲ್ಲಿ “ಇಲ್ಲೇ ನಿಲ್ಲಿಸಿ” ಎನ್ನುವ ಧೈರ್ಯ ಕೂಡಿ ಬರುವಷ್ಟರಲ್ಲಿ ಮನೆ ದಾಟಿ ಮುಂದಿನ ತಿರುವಿನಲ್ಲಿರುತ್ತೇನೆ. ಇಂಥವಳು ಮೊನ್ನೆ ಮ್ಯಾಟಿನಿ ಆಟದಲ್ಲಿ ಕೂಗಾಡಿದೆ. ಕಾರಣ ನಂಜುಂಡ ಮಾವ.

ಮಾವ ನನ್ನ ಅಮ್ಮನ ತಮ್ಮ, ಅಗ್ರಹಾರದ ಮೃದಂಗ ವಿದ್ವಾಂಸರು. ಮೃದಂಗದವರ ದುಃಖ ಒಂದೇ. ಕಚೇರಿಯುದ್ದಕ್ಕೂ ಇನ್ನೊಬ್ಬರ ಹಾಡಿಗೆ ನುಡಿಸಿದ ಮೇಲೆ, ಹಾಡುವವರು ಸುಮ್ಮನಾಗಿ ಇವರೊಬ್ಬರೇ ನುಡಿಸುವ ತನಿ ಆವರ್ತನ ಬರುತ್ತದೆ. ಸಭೆ ಎದ್ದು ಹೊರಡುವುದೂ ಸರಿಯಾಗಿ ಆಗಲೇ. ರಾಮೋತ್ಸವದ ಪೆಂಡಾಲಿನ ಹಿಂದೆ ವಡೆ ಕರಿಯುವವರು ತನಿಯ ಮೊದಲ ಪೆಟ್ಟು ಕೇಳಿಯೇ ಎಣ್ಣೆಗೆ ಹಿಟ್ಟು ಬಿಡುತ್ತಾರೆಂದು ನನ್ನ ಗುಮಾನಿ.

“ಮೈಸೂರಿನ ರಸಿಕರ ಬೆನ್ನೆಲ್ಲಾ ನಂಗೆ ಬಾಯಿಪಾಠ ಕಣೆ. ಮುಖ ತೋರ್ಸಿದ್ರೆ ಗುರ್ತು ಸಿಗಲ್ಲ” ಎನ್ನುತ್ತಾರೆ ಮಾವ.

ಹಾಗಾಗಿ ಬ್ಯಾಂಕ್ ದರೋಡೆಯ ಸಾಹಸಚಿತ್ರವೊಂದಕ್ಕೆ ಕರೆ ಬಂದಾಗ ತಕ್ಷಣ ಒಪ್ಪಿದರು. ಅದರ ಕಳ್ಳರೆಲ್ಲ ಸಂಗೀತಗಾರರೇ. ಲಯ ಗೊತ್ತಿದ್ದವರಿಗೆ ನಟನೆ ಹೇಳಿಕೊಡಬೇಕಾಗಿಲ್ಲ ಎಂಬುದು ನಿರ್ದೇಶಕರ ಸಿದ್ಧಾಂತ. ಗುಂಪಿನ ನಾಯಕಿಯಾದ ಗಾಯಕಿ ಪಿಸ್ತೂಲು ಎತ್ತಿ “ಯಾರೂ ಅಲ್ಲಾಡಬೇಡಿ” ಎಂದರೆ, ಪಕ್ಕದ ಪಿಟೀಲಿನವರು ಅಭ್ಯಾಸಬಲದಿಂದ “ಅಲ್ಲಾಡಬೇಡಿ” ಎಂದು ಅನುಸರಿಸುತ್ತಾರೆ. ಪೊಲೀಸರ ಗುಂಡು ಕಿವಿಯ ಪಕ್ಕದಲ್ಲೇ ಹಾದುಹೋದಾಗ ಕೊಳಲಿನವರು ತಲೆದೂಗಿ “ಭೇಷ್” ಅಂದುಬಿಟ್ಟಿದ್ದಾರೆ. ಪರಾರಿಯಾಗುವ ಹೊತ್ತಿಗೆ, ಹಿರಿಯರು ಮೊದಲು ಹತ್ತಲಿ ಎಂದು ಎಲ್ಲರೂ ವ್ಯಾನಿನ ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುತ್ತಾ ನಿಲ್ಲುತ್ತಾರೆ. ಪೊಲೀಸರೂ ಪಾಪ, ಕಾಯುತ್ತಾರೆ.

ಮಾವನ ದೃಶ್ಯ ಬರುವುದು ಮಧ್ಯಂತರಕ್ಕೆ ತುಸು ಮುಂಚೆ. ಲಾಕರಿನ ಉಕ್ಕಿನ ಬಾಗಿಲನ್ನೇ ಮೃದಂಗ ಮಾಡಿಕೊಂಡು ನುಡಿಸುತ್ತಾರೆ; ಮುಕ್ತಾಯದ ಪೆಟ್ಟು ಬಿದ್ದೊಡನೆ ಬಾಗಿಲು ತೆರೆದುಕೊಳ್ಳುತ್ತದೆ. ಹೇಗೆ ಎಂದು ಭೌತಶಾಸ್ತ್ರ ಓದಿದ ನನ್ನನ್ನು ಕೇಳಬೇಡಿ.

ಮೊನ್ನೆ ನಾವಿಬ್ಬರೂ ಕೊನೆಯ ಸಾಲಿನಲ್ಲಿ ಕೂತಿದ್ದೆವು. ಮಾವ ತೆರೆಯನ್ನು ನೋಡುತ್ತಲೇ ಇರಲಿಲ್ಲ. ಮುಂದಿನ ಸಾಲುಗಳ ತಲೆಗಳನ್ನು ಕಾಯುತ್ತಿದ್ದರು.

“ಸಿನ್ಮಾ ಸುಮಾರು ಅಂತ ನಂಗೂ ಗೊತ್ತು ಕಣಮ್ಮ. ಚೆನ್ನಾಗಿದೆ ಅನ್ನೋದೂ ಬೇಡ. ನನ್ನ ಸೀನಲ್ಲಿ ಯಾರೂ ಎದ್ದು ಹೋಗ್ದಿದ್ರೆ ಸಾಕು. ಒಂದೇ ಒಂದ್ಸಲ” ಎಂದರು.

ತೆರೆಯ ಮೇಲೆ ಮಾವನ ಬೆರಳು ಉಕ್ಕಿಗೆ ತಾಗಿತು. ಯಾರೂ ಏಳಲಿಲ್ಲ. ಲಯದ ನಡೆ ಬದಲಾಯಿತು, ವೇಗ ಏರಿತು. ಆಗಲೂ ಏಳಲಿಲ್ಲ. ಪಕ್ಕದಲ್ಲಿ ಮಾವ ತೊಡೆಯ ಮೇಲೆ ತಾಳ ಹಾಕತೊಡಗಿದರು. ಇನ್ನೇನು ಮುಕ್ತಾಯ ಎನ್ನುವಾಗ, ಪಾಪ್‌ಕಾರ್ನ್ ಸಾಲಿಗೆ ಮೊದಲಿಗರಾಗುವ ದೂರದೃಷ್ಟಿಯ ಒಬ್ಬರು ಎದ್ದರು. ಅವರ ಹಿಂದೆ ಅವರ ಮನೆಯವರೆಲ್ಲ ಎದ್ದರು. ಮಾವನ ಕೈ ನಿಂತಿತು.

“ಕೂತ್ಕೊಳ್ರೀ! ತನಿ ನಡೀತಿದೆ!”

ಅದು ನನ್ನದೇ ದನಿ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎದ್ದವರು ಧೊಪ್ಪನೆ ಕೂತರು. ಇಡೀ ಚಿತ್ರಮಂದಿರ ಹಿಂದಕ್ಕೆ ತಿರುಗಿ ನನ್ನನ್ನು ನೋಡಿತು. ಅವರೆಲ್ಲರ ಬೆನ್ನ ಹಿಂದೆ, ತೆರೆಯ ಮೇಲೆ, ಲಾಕರು ಧಡಾರನೆ ತೆರೆಯಿತು. ಒಬ್ಬರೂ ನೋಡಲಿಲ್ಲ.

ಮಧ್ಯಂತರದ ದೀಪ ಹತ್ತಿತು.

“ಬಾತ್ರೂಮಿಗೂ ಹೋಗ್ಬಾರ್ದೇನಮ್ಮಾ?” ಎಂದರು ಆ ದೂರದೃಷ್ಟಿಯವರು. ಅಷ್ಟರಲ್ಲಿ ಅವರ ಹೆಂಡತಿ, “ರೀ, ಆ ಲಾಕರ್ ಕಳ್ಳ ಇವ್ರೇ ಕಣ್ರೀ!” ಎಂದು ಮಾವನತ್ತ ಬೆರಳು ತೋರಿದರು. ನಾನು ಬಗ್ಗಿ, ಸೀಟಿನಡಿಯಲ್ಲಿ ಬೀಳದೇ ಇದ್ದ ಓಲೆಯನ್ನು ಹುಡುಕತೊಡಗಿದೆ. ಮೇಲಿನಿಂದ ಚಪ್ಪಾಳೆ ಕೇಳಿಸಿತು. ತಲೆಯೆತ್ತಿದರೆ ಮಾವ ಎದ್ದು ನಿಂತು ಕೈಮುಗಿದಿದ್ದರು.

“ನೋಡೇ, ಬರೀ ಮುಖಗಳು!” ಎಂದು ಪಿಸುಗುಟ್ಟಿದರು.

ಕಲೆಗೆ ಸಹೃದಯರು ಬೇಕೆಂದು ಅಲಂಕಾರಶಾಸ್ತ್ರದವರು ಹೇಳಿದ್ದಾರೆ. ಆ ಸಹೃದಯರನ್ನು ಕೂರಿಸಲು ಒಬ್ಬ ಬಾಯಿಬಡಕಿ ಬೇಕೆಂಬುದನ್ನು ಬರೆಯಲು ಮರೆತರು. ಮುಂದಿನ ವಾರ ಮಾವನ ಕಚೇರಿಯಿದೆ. ನನಗೊಂದು ಕುರ್ಚಿ ಆಗಲೇ ಹಿಡಿದಿಟ್ಟಿದ್ದಾರಂತೆ. ಮುಂದಿನ ಸಾಲಿನಲ್ಲಲ್ಲ. ಬಾಗಿಲ ಹತ್ತಿರ, ವಡೆಯ ದಾರಿಗೆ ಅಡ್ಡವಾಗಿ.