ಹಸನಾಕರ ಫಲಕದ ಮೇಲಿನ ಮರ

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ನನಗೂ ಒಳ್ಳೆಯದು. ಸೌದಿಯ ರಾಸ್ ತನೂರಾದಲ್ಲಿ ಹದಿನೆಂಟು ವರ್ಷ ಎಣ್ಣೆ ಕೊಳವೆಗಳ ನಕ್ಷೆ ಎಳೆದವನು ನಾನು. ಕೊಳವೆ ಎಷ್ಟು ಬಾಗಿದರೂ ಅದಕ್ಕೆ ಎಲೆ ಬಿಡುವುದಿಲ್ಲ. ಆದರೂ ಇಲ್ಲಿರುವ ನಮ್ಮೂರವರ ಸಂಘ, ಸ್ಕೇಲು ಹಿಡಿದವನಿಗೆ ಲಾಂಛನ ಯಾವ ಲೆಕ್ಕ ಎಂದು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿತು.

ಊರಿಗೊಂದು ಲಾಂಛನ ಬೇಕೆನಿಸಿದ್ದು ಹಸನಬ್ಬರ ನೆವದಿಂದ. ನಾವೆಲ್ಲ ಹಸನಾಕ ಎನ್ನುವ ಇವರು ಇಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವರು. ಊರಿಂದ ಹೊಸದಾಗಿ ಬಂದಿಳಿದವರಿಗೆಲ್ಲ ಮೊದಲ ಊಟ ಅವರ ಕೋಣೆಯಲ್ಲೇ, ನನಗೂ ಅಷ್ಟೆ. ಈಗ ಅವರು ಶಾಶ್ವತವಾಗಿ ಊರಿಗೆ ಹೊರಟಿದ್ದರು. ಬೀಳ್ಕೊಡುಗೆಯ ಫಲಕದ ಮೇಲೆ ಊರಿನ ಗುರುತು ಇರಲಿ ಎಂದುಕೊಂಡೆವು.

ದೇವಸ್ಥಾನ ಎಂದವರಿಗೆ ಮಸೀದಿ, ಮಸೀದಿ ಎಂದವರಿಗೆ ಇಗರ್ಜಿ ನೆನಪಾಗಿ, ಕೊನೆಗೆ ಎಲ್ಲರೂ ತೆಂಗಿನಮರದ ಬುಡದಲ್ಲಿ ರಾಜಿಯಾದರು. ಮರದ ಕೆಳಗೆ ದೋಣಿಯ ಎರಡು ಹುಟ್ಟುಗಳು, ಒಂದರ ಮೇಲೊಂದು ಅಡ್ಡಲಾಗಿ. ಹಸನಾಕರ ತಂದೆ ನಮ್ಮೂರ ಹೊಳೆಯಲ್ಲಿ ಜನರನ್ನು ದಾಟಿಸುತ್ತಿದ್ದವರು.

ಬರೆದು ವಾಟ್ಸಾಪ್ ಗುಂಪಿಗೆ ಹಾಕಿದೆ. ಹನ್ನೊಂದು ಮಂದಿ ಮೆಚ್ಚಿದರು. ಎಲ್ಲೋ ನೋಡಿದ ಹಾಗಿದೆ, ಊರೇ ಕಣ್ಣೆದುರು ಬಂತು ಎಂದು ಒಬ್ಬರು ಭಾವುಕರಾದರು. ಫಲಕ ಕೆತ್ತಿಸಿಯೂ ಆಯಿತು. ಸಮಾರಂಭದ ದಿನ ಬೆಳಿಗ್ಗೆ, ಊರಿನಿಂದ ಬಂದು ವಾರವಷ್ಟೇ ಆಗಿದ್ದ ನನ್ನ ಹೆಂಡತಿ ಅದನ್ನು ಕೈಗೆತ್ತಿಕೊಂಡಳು.

"ಇದೆಂತ, ಖರ್ಜೂರದ ಮರ ಯಾಕೆ ಬರೆದದ್ದು?"

ಫಲಕ ಕಸಿದುಕೊಂಡು ನೋಡಿದೆ. ದಪ್ಪ ಕಾಂಡ, ಮೈಯೆಲ್ಲ ಹುರುಪೆ, ಗರಿಯಡಿ ಜೋತುಬಿದ್ದ ಗೊಂಚಲು. ಇಲ್ಲಿ ನಾವಿರಲು ಸರಕಾರ ಕೊಟ್ಟ ಇಕಾಮಾ ಚೀಟಿಯ ಮೇಲೆ ಖರ್ಜೂರದ ಮರ, ಅದರಡಿ ಎರಡು ಕತ್ತಿಗಳಿವೆ. ದಿನಾ ಜೇಬಿನಲ್ಲಿ ಹೊತ್ತು ತಿರುಗಿದ ಆ ಮರವನ್ನೇ ಇಳಿಸಿದ್ದೆ. ಕತ್ತಿಯ ಜಾಗದಲ್ಲಿ ಹುಟ್ಟು ಬಂದಿತ್ತು, ಅಷ್ಟೆ. ಕರಾವಳಿಯ ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಬೇಲೂರಿನಲ್ಲಿ ಹೊಯ್ಸಳರ ಲಾಂಛನ ನೋಡಿ, ಕೆತ್ತಿದವನು ಸಿಂಹವನ್ನೇ ಕಂಡವನಲ್ಲ ಎಂದು ನಾನೊಮ್ಮೆ ನಕ್ಕಿದ್ದೆ. ಆ ಶಿಲ್ಪಿಗಾದರೂ ಒಂದು ನೆಪವಿತ್ತು. ನಾನೋ ತೆಂಗಿನ ನೆರಳಲ್ಲೇ ಬೆಳೆದವನು. ಮೂವತ್ತು ವರ್ಷ ಊರಿಗಾಗಿ ಹಂಬಲಿಸಿದ ಮನುಷ್ಯನ ಕೈಗೆ ಊರಿನದಲ್ಲದ ಗುರುತನ್ನು ಕೊಡುವುದು ಹೇಗೆಂದು ನಿಜಕ್ಕೂ ಸಂಕಟವಾಯಿತು.

ಬೇರೆ ಮಾಡಿಸಲು ಸಮಯವಿರಲಿಲ್ಲ. ಸಂಜೆ ಎಲ್ಲರೆದುರು ತಪ್ಪೊಪ್ಪಿಕೊಂಡು ಫಲಕವನ್ನು ಕೊಟ್ಟೆ. ಹಸನಾಕ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ತೆಂಗಿನಮರ ಪಕ್ಕದ ಊರಲ್ಲೂ ಉಂಟು ಮಾರಾಯ. ಪ್ರತಿ ರಜೆಯಲ್ಲೂ ನಾನು ಊರಿಗೆ ಈ ಮರದ ಹಣ್ಣು ಕೊಂಡುಹೋಗಿದ್ದೇನೆ. ಅದನ್ನು ತಿನ್ನದ ಮನೆ ನಮ್ಮ ಊರಲ್ಲಿ ಯಾವುದುಂಟು, ಹೇಳು."

ಯೋಚಿಸಿದೆ, ಒಂದು ಮನೆಯೂ ಹೊಳೆಯಲಿಲ್ಲ. ನಮ್ಮಮ್ಮ ಅದನ್ನು ದೇವರ ಮುಂದಿಟ್ಟು, ಆಮೇಲೆ ನಮಗೆ ಎರಡೆರಡು ಹಂಚುತ್ತಿದ್ದಳು.

ಲಾಂಛನವನ್ನು ಆಮೇಲೆ ಯಾರೂ ತಿದ್ದಲಿಲ್ಲ. ಅರ್ಥ ಕೇಳಿದವರಿಗೆ, ಬಹಳ ಯೋಚಿಸಿ ಬೇಕೆಂದೇ ಹಾಗೆ ಬರೆದೆ ಎನ್ನುತ್ತೇನೆ. ಹೆಂಡತಿ ಪಕ್ಕದಲ್ಲಿದ್ದರೆ ಮಾತ್ರ, ಆ ಅರ್ಥ ಕೊಟ್ಟವರು ಹಸನಾಕ ಎಂದು ನಿಜ ಹೇಳುತ್ತೇನೆ.