ಖಂಡೆಪೂಜೆಯಲ್ಲಿ ಜಾಗ ಬದಲಿಸಿದ ಕಾರ್ಡು

ಇವತ್ತು ಬೆಳಿಗ್ಗೆ ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ ನೋಡಿ, ಧೂಳಿನ ಜೊತೆ ಹಳೆಯ ಕುಂಕುಮದ ವಾಸನೆ ಮೂಗಿಗೆ ಬಡಿಯಿತು! ನಗಬೇಡಿ. ನಮ್ಮ ಬೈಲಹೊಂಗಲದ ಕಡೆ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಕುಂಕುಮ ಬೀಳುತ್ತದೆ. ನನಗೆ ಅನ್ನ ಹಾಕುವ ಯಂತ್ರ ಏನು ಪಾಪ ಮಾಡಿತ್ತು? ಆದರೆ ಒಂದು ವರ್ಷ ನನ್ನ ಭಕ್ತಿ ಸ್ವಲ್ಪ ಅತಿಯಾಯಿತು.

ಆಗ ನನ್ನದೊಂದು ಪುಟ್ಟ ಕಂಪ್ಯೂಟರ್ ಕೇಂದ್ರ. ಒಂದು ಲಿನಕ್ಸ್ ಸರ್ವರ್, ಅದನ್ನೇ ನಂಬಿಕೊಂಡ ಹತ್ತು ಕಂಪ್ಯೂಟರ್. ಪೂಜೆಯ ದಿನ ಸರ್ವರಿನ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರತೆಗೆದು ಒರೆಸಿದೆ. ನೆಟ್‌ವರ್ಕ್ ಕಾರ್ಡನ್ನು ಮರಳಿ ಕೂರಿಸುವಾಗ ಹಳೆಯ ಸ್ಲಾಟಿನ ತಿರುಪು ಕೈಕೊಟ್ಟಿತು. ಪಕ್ಕದ ಸ್ಲಾಟಿಗೆ ತಳ್ಳಿದೆ. ಎಲ್ಲಿ ಕೂತರೇನು, ಕೂತರಾಯಿತು ಎಂಬ ಹುಂಬ ಧೈರ್ಯ! ಪೂಜೆಗಿಟ್ಟದ್ದನ್ನು ದಸರೆ ಮುಗಿಯುವ ತನಕ ಬಳಸಬಾರದಲ್ಲ, ಹಾಗಾಗಿ ಚಾಲೂ ಮಾಡಿಯೂ ನೋಡಲಿಲ್ಲ.

ದಸರೆಯ ಮರುದಿನ ಹತ್ತು ಗಂಟೆಗೆ ನರ್ಸಿಂಗ್ ಪ್ರವೇಶ ಪರೀಕ್ಷೆ, ನಮ್ಮ ಕೇಂದ್ರದಲ್ಲೇ. ಎಂಟಕ್ಕೆ ಗುಂಡಿ ಒತ್ತಿದೆ. ಪರದೆಯ ಮೇಲೆ ಸಾಲುಗಳು ಸರಸರ ಇಳಿದು ‘ನೆಟ್‌ವರ್ಕ್‌ಗಾಗಿ ಕಾಯಲಾಗುತ್ತಿದೆ’ ಎಂಬಲ್ಲಿಗೆ ಗಕ್ಕನೆ ನಿಂತವು. ಬಹಳ ಹೊತ್ತಿನ ಮೇಲೆ ಸರ್ವರ್ ಎದ್ದಿತು, ನೆಟ್‌ವರ್ಕ್ ಏಳಲಿಲ್ಲ. ತಂತಿ ಬದಲಿಸಿದೆ, ಸಿಕ್ಕ ದೇವರಿಗೆಲ್ಲ ಕೈಮುಗಿದೆ. ಕೊನೆಗೆ ನೇಸರಗಿಯ ಮಾಲತಿ ಅಕ್ಕಾರಿಗೆ ಫೋನ್ ಹಚ್ಚಿದೆ.

ಮಾಲತಿ ಅಕ್ಕಾರೆಂದರೆ ಪಂಚಾಂಗ ಹೇಳುವ ಮನೆತನದ ಹೆಣ್ಣುಮಗಳು, ಸುತ್ತಲ ಊರುಗಳ ಕಂಪ್ಯೂಟರುಗಳ ವೈದ್ಯೆ. ಅಪ್ಪ ತಿಥಿ-ನಕ್ಷತ್ರ ಓದಿದಷ್ಟೇ ಸಲೀಸಾಗಿ ಇವರು ಲಿನಕ್ಸಿನ ಲಾಗ್, ಅಂದರೆ ಯಂತ್ರ ತಾನೇ ಬರೆದಿಡುವ ದಿನಚರಿ, ಓದುತ್ತಿದ್ದರು. ಬಸ್ಸಿಳಿದು ಒಳಗೆ ಬಂದಾಗ ಒಂಬತ್ತೂ ಕಾಲು. ಚಹಾ ಕೂಡ ಮುಟ್ಟದೆ ಲಾಗ್ ತೆರೆದರು.

“ಖರೇ ಹೇಳ್ರಿ, ಏನರ ಬಿಚ್ಚೀರೇನು?”

“ಇಲ್ರೀ ಅಕ್ಕಾರ, ಏನೂ ಮುಟ್ಟಿಲ್ಲ.”

ಇಡೀ ಕೇಂದ್ರದ ಮಾಲೀಕ ನಾನು, ಪರೀಕ್ಷೆಗೆ ಬಂದ ಹತ್ತು ಜನ ಹುಡುಗಿಯರ ಎದುರು ಹೇಗೆ ಒಪ್ಪಿಕೊಳ್ಳಲಿ!

“ಹಂಗಾರ ಕಾರ್ಡ ಹೋಗೇದ. ಸೆಟ್ಟಿಂಗ್‌ನ್ಯಾಗಿರೋ ಹೆಸರಿನ ಕಾರ್ಡ ಇಲ್ಲಂತದ ಇದು. ಬೆಳಗಾವಿಯಿಂದ ಹೊಸಾದು ತರಸಬೇಕು. ಹತ್ತಕ್ಕಂತೂ ಆಗಂಗಿಲ್ಲ.”

ಬಾಗಿಲಲ್ಲಿ ಸುರೇಬಾನದ ಸುನೀತಾ ನಿಂತಿದ್ದಳು. ಮೊದಲ ಬಸ್ಸಿಗೆ ಹೊರಟು ಬಂದವಳು; ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು, ಇದೇ ಕೊನೆಯ ಅವಕಾಶ. ಹಾಲ್ ಟಿಕೆಟನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು, “ಸರ, ಪರೀಕ್ಷಾ ಆಗತೈತಲ್ರಿ?”

ನನ್ನ ಮರ್ಯಾದೆ ಹಾಳಾಗಿ ಹೋಗಲಿ ಎನಿಸಿತು. “ಅಕ್ಕಾರ, ಸುಳ್ಳ ಹೇಳಿದೆ. ಪೂಜಾ ದಿವಸ ಕಾರ್ಡ ಕಿತ್ತಿದ್ದೆ. ಪಕ್ಕದ ಸ್ಲಾಟಿಗೆ ಹಾಕೇನಿ.”

ಅವರು ಹಣೆ ಹಣೆ ಬಡಿದುಕೊಂಡರು. “ಅಯ್ಯ ನಿಮ್ಮ! ಇಷ್ಟೊತ್ತು ಬಾಯಾಗ ಕಡಬ ಇಟ್ಕೊಂಡ ಕುಂತಿದ್ರೇನು?”

ಆಮೇಲೆ ತಿಳಿಯಿತು: ನಮ್ಮ ಲಿನಕ್ಸ್, ಕಾರ್ಡಿಗೆ ಅದು ಕೂತ ಜಾಗ ನೋಡಿ ಹೆಸರಿಡುತ್ತಿತ್ತು. ಜಾಗ ಬದಲಾದದ್ದೇ ತಡ, ಹೆಸರೂ ಬದಲಾಗಿತ್ತು. ಸೆಟ್ಟಿಂಗ್ ಫೈಲು ಮಾತ್ರ ಹಳೆಯ ಹೆಸರನ್ನೇ ಕೂಗುತ್ತ ಕೂತಿತ್ತು. ಅಕ್ಕಾರು ಹೊಸ ಹೆಸರು ಬರೆದು ಸರ್ವರನ್ನು ಮತ್ತೆ ಚಾಲೂ ಮಾಡಿದರು. ಸಾಲುಗಳು ಇಳಿದವು... ಇಳಿದವು... ಎಲ್ಲಿಯೂ ನಿಲ್ಲಲಿಲ್ಲ! ಕಾರ್ಡಿನ ಹಸಿರು ದೀಪ ಮಿಣಮಿಣ ಕುಣಿಯಿತು, ನಾನೂ ಕುಣಿದೆ. ಹತ್ತಕ್ಕೆ ಐದು ನಿಮಿಷವಿತ್ತು.

ಪರೀಕ್ಷೆ ಮುಗಿಸಿ ಬಂದ ಸುನೀತಾಳನ್ನು ತಡೆದು ಹೇಳಿದೆ, “ತಂಗಿ, ನನ್ನ ಸುಳ್ಳಿನಿಂದ ನಿನ್ನ ನಸೀಬ ಕೆಡತಿತ್ತು.”

ಅವಳು ಹಾಲ್ ಟಿಕೆಟನ್ನು ಮಡಚಿಟ್ಟು ಅಂದಳು, “ಆಗಳೆ ನೀವು ಖರೇ ಹೇಳಿದಾಗ ನನಗ ಧೈರ್ಯ ಬಂತ್ರಿ ಸರ. ಸುಳ್ಳ ಹೇಳಿದವ್ರು ತಾವಾಗೇ ಒಪ್ಪಿದ್ದು ನಾ ಇಲ್ಲೀತನಕ ನೋಡಿದ್ದಿಲ್ಲ.”

ಆಕೆ ಪಾಸಾದಳು, ಅದು ಅವಳ ಜಾಣತನ. ನನಗೆ ಸಿಕ್ಕಿದ್ದು ಆ ಮಾತು.

ಇವತ್ತೂ ಕಾರ್ಡು ಕಿತ್ತು ಒರೆಸಿದ್ದೇನೆ. ಡಬ್ಬಿ ಮುಚ್ಚುವ ಮೊದಲು, ನನ್ನ ಕೇಂದ್ರಕ್ಕೆ ಹೊಸದಾಗಿ ಕೆಲಸಕ್ಕೆ ಬಂದವರೆಲ್ಲ ನೋಡುತ್ತಿರುವಾಗಲೇ, ಒಂದು ಚೀಟಿ ಬರೆದು ಅದರ ಮೇಲೆ ಅಂಟಿಸಿದೆ: ‘ಇದನ್ನು ಬಿಚ್ಚಿದವನು ನಾನು. ಏನಾದರೂ ಕೆಟ್ಟರೆ ಮೊದಲು ನನ್ನನ್ನು ಕೇಳಿರಿ.’