ಕಂಬದಾಚೆಯ ಮನೆ

ಅವತ್ತು ಆ ಮನೆಯಲ್ಲಿ ಮಜ್ಜಿಗೆ ಕುಡಿದೆನೋ ಇಲ್ಲವೋ ನನಗೆ ನಿಜವಾಗಿ ಗೊತ್ತಿಲ್ಲ. ಕುಡಿದೆ ಎಂದು ಹೆಂಡತಿಗೆ ಹೇಳಿದ್ದೇನೆ. ಹೇಳುವಾಗ ಲೋಟದ ತಂಪೂ ಬೆರಳಿಗೆ ನೆನಪಾಯಿತು. ಆದರೆ ನನಗೆ ಅನುಕೂಲವಾದ ನೆನಪುಗಳನ್ನು ನಾನು ನಂಬುವುದಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಕಲಿತದ್ದರಲ್ಲಿ ಉಳಿದದ್ದು ಅದೊಂದೇ.

ಆಗ ನಂಜನಗೂಡಿನ ಒಂದು ಸಣ್ಣ ಕಾಲ್ ಸೆಂಟರಿಗೆ ನೆಟ್‌ವರ್ಕ್ ಯೋಜನೆ ಮಾಡಿಕೊಡುತ್ತಿದ್ದೆ. ಸುತ್ತಲ ಊರುಗಳವರು ಮನೆಯಲ್ಲೇ ಕೂತು ಗ್ರಾಹಕರ ಕರೆ ತೆಗೆದುಕೊಳ್ಳುವ ವ್ಯವಸ್ಥೆ. ಮನೆ ಒಪ್ಪಿಗೆಯಾಗಬೇಕಾದರೆ ಬಾಗಿಲು ಹಾಕಿಕೊಳ್ಳುವಂಥ ಪ್ರತ್ಯೇಕ ಕೋಣೆ ಬೇಕು, ಗ್ರಾಹಕರ ಖಾತೆಯ ವಿವರ ಮನೆಯವರ ಕಣ್ಣಿಗೂ ಬೀಳಬಾರದು. ಫೈಬರ್ ಲೈನೂ ಬೇಕು. ಮೊಬೈಲ್ ಇಂಟರ್ನೆಟ್ಟಿನಲ್ಲಿ ಮಾತು ಅರ್ಧರ್ಧ ನುಂಗಿಹೋಗುತ್ತದೆ.

ಅರ್ಜಿ ಹಾಕಿದ್ದವರಲ್ಲಿ ಒಬ್ಬ ಹುಡುಗಿಯ ಊರು ಟಿ. ನರಸೀಪುರದಾಚೆ, ಮುಡುಕುತೊರೆಯ ಕಡೆ. ಬಿ.ಕಾಂ. ಮುಗಿಸಿದ್ದಳು, ಸಂದರ್ಶನದಲ್ಲಿ ಗೆದ್ದಿದ್ದಳು. ನಾನು ಮನೆ ನೋಡಿ ಸರಿ ಎಂದರೆ ಸೋಮವಾರದಿಂದ ಕೆಲಸ. ಮನೆ ಊರಿನ ಕೊನೆಯ ಬೀದಿಯಲ್ಲಿ, ತಿರುವಿನಿಂದ ಎರಡನೆಯದು. ಆ ಬೀದಿ ಯಾರದೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟ. ಭತ್ತದ ಮೂಟೆಗಳನ್ನು ನಡುಮನೆಗೆ ಸಾಗಿಸಿ, ಅವಿದ್ದ ಕೋಣೆಗೆ ಹೊಸ ಬಾಗಿಲು ಇಡಿಸಿದ್ದರು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ಕೋಣೆಯಲ್ಲಿ ಹೆಸರಿಡುವಂಥದ್ದೇನೂ ಇರಲಿಲ್ಲ.

ಇನ್ನು ಲೈನು. ನನ್ನ ಜೊತೆ ಬಂದಿದ್ದ ಕೇಬಲ್ ಲೈನ್‌ಮನ್, ಮನೆಮನೆಗೆ ಲೈನು ಹೊರಡುವ ಬಾಕ್ಸ್ ಇದ್ದ ತಿರುವಿನ ಕಂಬದ ಹತ್ತಿರವೇ ಬೈಕ್ ನಿಲ್ಲಿಸಿಕೊಂಡಿದ್ದ, ಬೀದಿಯೊಳಕ್ಕೆ ಬಂದಿರಲಿಲ್ಲ. ಅಲ್ಲಿಂದಲೇ ಕೂಗಿದ:

“ಬಾಕ್ಸ್ ಫುಲ್ಲು ಸಾ! ಪೋರ್ಟ್ ಖಾಲಿ ಇಲ್ಲ. ಈ ಕಡೀಕೆ ಲೈನ್ ಬರಕಿಲ್ಲ.”

“ಇನ್ನೊಂದು ಬಾಕ್ಸ್ ಹಾಕಕ್ಕಾಗಲ್ವಾ?”

“ಆಪೀಸ್ನೋರ್ನ ಕೇಳ್ಬೇಕು ಸಾ. ಇಲ್ಲೆಲ್ಲ ಯಾರು ಸಾ ಆಕಿಸ್ಕತಾರೆ?”

ಜಗಲಿಯ ಮೇಲಿದ್ದ ಅವಳ ಅಜ್ಜಿ ಎಲೆಯಡಿಕೆ ಉಗಿದು, “ಕರೆಂಟ್ ಬಂತು, ನಲ್ಲಿ ಬಂತು. ಇದ್ಯಾವ್ದ್ಲಾ ಮಗಾ, ಜಾತಿ ಕೇಳ್ಕಂಡ್ ಬರೋ ತಂತಿ?” ಎಂದಿತು.

“ಸುಮ್ಕಿರಜ್ಜಿ,” ಅಂದಳು ಹುಡುಗಿ.

“ಏ, ಅಂಗಲ್ಲ ಕಣಜ್ಜಿ!” ಎಂದು ಲೈನ್‌ಮನ್ ನಕ್ಕ. ನಾನೂ ನಕ್ಕೆ. ಇದು ಮಾತ್ರ ಸಂಶಯವಿಲ್ಲದೆ ನೆನಪಿದೆ.

ಏಣಿ ಅವನ ಬೈಕಿಗೇ ಕಟ್ಟಿತ್ತು. ಬಾಕ್ಸ್ ತೆಗೆದು ತೋರಿಸು ಅನ್ನಬಹುದಿತ್ತು. ದೇವರಿಗೂ ಪುರಾವೆ ಕೇಳುವವನು ನಾನು. ಅವನ ಮಾತನ್ನು ಕೇಳಿದ ಕೂಡಲೇ ನಂಬಿದೆ. ಬಿಸಿಲಿತ್ತು, ಹಸಿವಾಗಿತ್ತು, ಬನ್ನೂರಿನಲ್ಲಿ ಇನ್ನೊಂದು ಮನೆ ನೋಡುವುದಿತ್ತು. ಕಾರಣಗಳೆಲ್ಲ ನಿಜ. ಮೇಲಿನ ಬೀದಿಯ ಮನೆಯಾಗಿದ್ದರೆ ಇಷ್ಟು ಕಾರಣ ಸಾಕಾಗುತ್ತಿತ್ತೇ ಎಂದು ಕೇಳಿಕೊಂಡಾಗಲೆಲ್ಲ ಮುಖ ಬಿಸಿಯಾಗುತ್ತದೆ.

ಅವಳ ತಾಯಿ ಮಜ್ಜಿಗೆ ತಂದದ್ದು ಆಗಲೇ. ‘ಹೊತ್ತಾಯ್ತಮ್ಮ’ ಎಂದು ತಪ್ಪಿಸಿಕೊಂಡೆನೆಂದು ಒಂದು ನೆನಪು, ಗಟಗಟ ಕುಡಿದೆನೆಂದು ಇನ್ನೊಂದು. ಎರಡರಲ್ಲೂ ಹುಡುಗಿ ಹೊಸ ಬಾಗಿಲಿಗೆ ಒರಗಿ ನನ್ನ ಕೈಲಿದ್ದ ಫೋನನ್ನೇ ನೋಡುತ್ತಿದ್ದಾಳೆ. ‘ಲೈನ್ ಸಾಧ್ಯವಿಲ್ಲ’ ಎಂದು ಒತ್ತಿ ಕಾಲ್ ಸೆಂಟರಿಗೆ ಕಳಿಸಿದೆ.

“ಇನ್ನೊಂದ್ಸಲ ವಿಚಾರಿಸ್ತೀರಾ ಸಾರ್?”

“ನೋಡೋಣಮ್ಮ,” ಎಂದೆ. ನೋಡಲಿಲ್ಲ. ಕೆಲಸ ಬೇರೆಯವರ ಪಾಲಾಯಿತು.

ಕೆಲವು ತಿಂಗಳ ಮೇಲೆ ಅದೇ ಊರಿನ ಮೇಲಿನ ಬೀದಿಯ ಒಬ್ಬ ಸೊಸೆ ಆಯ್ಕೆಯಾದಳು. ತಿರುವಿನ ಅದೇ ಬಾಕ್ಸಿನಿಂದ ಆ ಮನೆಗೆ ಲೈನು ಎಳೆದರು. ಈಚೆಗೆ ಯಾರೋ ಲೈನು ತೆಗೆಸಿರಬೇಕು, ಅದಕ್ಕೇ ಜಾಗವಾಗಿದೆ ಎಂದು ನನ್ನ ಬುದ್ಧಿ ತಕ್ಷಣ ವಾದ ಹೂಡಿತು. ಈ ಸಲ ಏಣಿ ಹಾಕಿಸಿ ನಾನೇ ಹತ್ತಿದೆ. ಒಳಗೆ ಅರ್ಧಕ್ಕೂ ಹೆಚ್ಚು ಪೋರ್ಟುಗಳ ಮೇಲೆ ಕಾರ್ಖಾನೆಯಲ್ಲಿ ಹಾಕಿದ ಮುಚ್ಚಳ ಸೀಲು ಸಮೇತ ಹಾಗೇ ಇತ್ತು. ಅವುಗಳಲ್ಲಿ ಯಾವತ್ತೂ ತಂತಿ ಕೂತಿರಲಿಲ್ಲ.